ಬ್ಯಾಗ್ ಕೌಂಟರಿನ ಪೊನಿಮಾನ್

ಸೋಲೊ ಪಟ್ಟಣದ ಆ ವಿಶ್ವವಿದ್ಯಾಲಯದ ಲೈಬ್ರರಿಯೊಳಗೆ ಹೋಗಬೇಕಾದರೆ ಮೊದಲು ಪೊನಿಮಾನ್ ಕೈಗೆ ಬ್ಯಾಗ್ ಕೊಡಬೇಕು. ಅವನು ನಂಬರ್ ಬಿಲ್ಲೆ ಕೊಡುತ್ತಾನೆ. ಬಿಲ್ಲೆ ಇಲ್ಲದವರನ್ನು ಒಳಬಾಗಿಲಲ್ಲಿ ಬಿಡುವುದಿಲ್ಲ. ಕುಲಪತಿಯ ಮಗನಾದರೂ ಅಷ್ಟೆ.

ಪೊನಿಮಾನ್ ಆ ಜಾಗಕ್ಕೆ ಬಂದದ್ದು ಗಾರೆಯವರ ಕೈಯಾಳಾಗಿ. ಅಡಿಪಾಯಕ್ಕೆ ಇಟ್ಟಿಗೆ ಹೊತ್ತ. ಕಟ್ಟಡ ಎದ್ದಿತು, ಗಾರೆಯವರು ಬೇರೆ ಊರಿಗೆ ಹೋದರು, ಇವನು ಉಳಿದ. ಮೊದಲು ಕಸ ಗುಡಿಸಿದ. ಆಮೇಲೆ ಬ್ಯಾಗ್ ಕೌಂಟರಿಗೆ ಕೂರಿಸಿದರು. ಕೂದಲು ಬೆಳ್ಳಗಾದದ್ದು ಅಲ್ಲಿಯೇ. ಓದು ಅಷ್ಟಕ್ಕಷ್ಟೆ, ಮಾತೂ ಅಷ್ಟಕ್ಕಷ್ಟೆ. ಪಟ್ಟಿ ಕಿತ್ತ ಬ್ಯಾಗ್ ಬಂದರೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹುಡುಗರು ಓದಿ ಹೊರಗೆ ಬರುವಷ್ಟರಲ್ಲಿ ಹೊಲಿದಿಟ್ಟಿರುತ್ತಿದ್ದ.

"ಯಾರು ಹೊಲಿದ್ರು, ಪಾ?" ಎಂದು ಹುಡುಗರು ಕೇಳುತ್ತಿದ್ದರು. ಅಲ್ಲಿ ಹಿರಿಯ ಗಂಡಸರನ್ನು ಗೌರವದಿಂದ ಪಾ ಅನ್ನುವುದು, ಹೆಂಗಸರನ್ನು ಬು.

"ಇಲಿ" ಅನ್ನುತ್ತಿದ್ದ.

ಇಂಥವನ ಮೇಲೆ ರಂಜಾನ್ ತಿಂಗಳ ಒಂದು ಮಧ್ಯಾಹ್ನ ಕಳ್ಳತನದ ಮಾತು ಬಂತು.

ಒಬ್ಬ ಹುಡುಗ ತನ್ನ ಬ್ಯಾಗಿನಲ್ಲಿದ್ದ ಕ್ಯಾಮೆರಾ ಕಾಣುತ್ತಿಲ್ಲ ಎಂದು ಕೂಗಾಡಿದ. ಲೈಬ್ರರಿಯ ಮುಖ್ಯಸ್ಥೆ ಬು ಹರ್ತಾತಿ ಮೇಲಿನಿಂದ ಇಳಿದು ಬಂದರು. ಪೊನಿಮಾನ್‌ನನ್ನು ಒಂದು ಮಾತು ಕೇಳಲಿಲ್ಲ. ಕಪಾಟಿಗೆ ಪುಸ್ತಕ ಜೋಡಿಸುವ ವಾರ್ದೊಯೊ ಅಲ್ಲೇ ನಿಂತಿದ್ದ. ಅವನಿಗೆ ಹೇಳಿದರು, "ಇವರ ಪೆಟ್ಟಿಗೆ ತೆಗಿ."

ಸಾಲಿನಲ್ಲಿದ್ದ ಹುಡುಗ ಹುಡುಗಿಯರೆಲ್ಲ ನೋಡುತ್ತಿದ್ದಂತೆ ವಾರ್ದೊಯೊ ಕೌಂಟರಿನ ಕೆಳಗಿದ್ದ ಪೊನಿಮಾನ್ ಪೆಟ್ಟಿಗೆ ಸುರಿದ. ಸೂಜಿ, ದಾರದುಂಡೆ, ನಮಾಜಿಗೆ ಉಡುವ ಲುಂಗಿ, ತೇಪೆ ಹಾಕಿದ ಒಳಅಂಗಿ ನೆಲಕ್ಕೆ ಬಿದ್ದವು. ಯಾರೋ ಕಿಸಕ್ಕೆಂದರು. ಬು ಹರ್ತಾತಿ ಅಷ್ಟಕ್ಕೂ ಬಿಡದೆ ಅವನ ಬೈಕಿನ ಸೀಟನ್ನೂ ಎತ್ತಿಸಿ ನೋಡಿದರು.

ಮರುದಿನ ಕ್ಯಾಮೆರಾ ಸಿಕ್ಕಿತು. ಹುಡುಗ ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಮರೆತು ಬಂದಿದ್ದ. ಹುಡುಗ ಬಂದು ಪೊನಿಮಾನ್ ಮುಂದೆ ತಲೆ ತಗ್ಗಿಸಿ ನಿಂತ. ಬು ಹರ್ತಾತಿ ಮಾತ್ರ ಕೌಂಟರ್ ಮುಂದೆ ಹಾದುಹೋಗುವಾಗ ಕೈಗಡಿಯಾರ ನೋಡಿಕೊಂಡು ಹೋದರು.

ಕ್ಯಾಮೆರಾ ಸಿಕ್ಕಿದ್ದು ಹೆಚ್ಚು ಜನರಿಗೆ ಗೊತ್ತಾಗಲಿಲ್ಲ. ಪೆಟ್ಟಿಗೆ ಸುರಿದ ದಿನದಿಂದ ಹುಡುಗಿಯರು ಪರ್ಸು ಹೊರಗೆ ತೆಗೆದುಕೊಂಡೇ ಅವನಿಗೆ ಬ್ಯಾಗ್ ಕೊಡತೊಡಗಿದರು. ಅವನ ಕಣ್ಣೆದುರೇ. ಒಂದೊಂದು ಪರ್ಸು ಹೊರಗೆ ಬಂದಾಗಲೂ ಅವನಿಗೆ ಕೆನ್ನೆಗೆ ಹೊಡೆಸಿಕೊಂಡಂತೆ ಆಗುತ್ತಿತ್ತು. ಹೆಂಡತಿ ಸಾಕಿನೆಮ್ ಸಂತೆಯಲ್ಲಿ ಹುದುಗಿಸಿದ ಸೋಯಾ ಕಾಳಿನ ತೆಂಪೆ ಮಾರುತ್ತಿದ್ದಳು. ಅಲ್ಲಿಗೂ ಸುದ್ದಿ ಹೋಯಿತು. "ನಿಮ್ಮೆಜಮಾನ್ರು ಫೋಟೊ ಚೆನ್ನಾಗಿ ತೆಗೀತಾರಂತಲ್ಲ?" ಎಂದು ಪಕ್ಕದ ಮೆಣಸಿನಕಾಯಿಯವಳು ಕುಟುಕಿದಳು.

ಸಾಕಿನೆಮ್ ಅದನ್ನು ಮನೆಯಲ್ಲಿ ಹೇಳಿ, ತಾನೇ ಸಮಾಧಾನವನ್ನೂ ಹೇಳಿದಳು. "ಹಬ್ಬ ಆದ್ಮೇಲೆ ಆಫೀಸಲ್ಲಿ ಎಲ್ರೂ ಕೈ ಹಿಡಿದು ಮನ್ನಿಸಿ ಅಂತಾರಲ್ಲ, ಅಲ್ಲಿಗೆ ಮುಗಿಸಿಬಿಡಿ. ಊರೋರೆಲ್ಲ ಮುಗಿಸೋದು ಹಾಗೇ ಅಲ್ವಾ?"

"ಊರೋರ ಪೆಟ್ಟಿಗೆ ಸುರಿದಿದ್ರಾ?" ಎಂದ ಪೊನಿಮಾನ್. ಅನ್ನ ಬಿಟ್ಟು ಎದ್ದ.

ಹಬ್ಬ ಕಳೆದು ಲೈಬ್ರರಿ ತೆರೆದ ದಿನ ಬೆಳಗ್ಗೆ ಎಲ್ಲರೂ ಓದುವ ಹಾಲ್‌ನಲ್ಲಿ ಸಾಲಾಗಿ ನಿಂತರು. ಪಕ್ಕದ ಮೇಜಿನ ಮೇಲೆ ತೆಂಗಿನ ಗರಿಯಲ್ಲಿ ಕಟ್ಟಿ ಬೇಯಿಸಿದ ಅನ್ನ, ತೆಂಗಿನಹಾಲಿನ ಕೋಳಿಸಾರು. ಬು ಹರ್ತಾತಿ ಸಾಲಿನ ತುದಿಯಲ್ಲಿ ಹೊಸ ರೇಷ್ಮೆ ತೊಟ್ಟು ನಿಂತಿದ್ದರು. ಒಬ್ಬೊಬ್ಬರೇ ಹೋಗಿ ಅವರ ಕೈ ಹಿಡಿದು, "ತಿಳಿದೂ ತಿಳಿಯದೆಯೂ ಮಾಡಿದ್ದನ್ನೆಲ್ಲ ಮನ್ನಿಸಿ" ಅನ್ನುತ್ತಿದ್ದರು. ಅವರೂ ಅದನ್ನೇ ಅನ್ನುತ್ತಿದ್ದರು.

ಪೊನಿಮಾನ್ ಸರದಿ ಬಂತು. ಬು ಹರ್ತಾತಿ ಕೈ ಚಾಚಿದರು. "ತಿಳಿದೂ ತಿಳಿಯದೆಯೂ..."

ಪೊನಿಮಾನ್ ಕೈ ಹಿಂದಕ್ಕೆ ಕಟ್ಟಿಕೊಂಡ. "ತಿಳಿದದ್ದು ಯಾವುದು ಬು? ಅದನ್ನ ಹೇಳಿ."

ಆ ಸಾಲಿನಲ್ಲಿ ಹಾಗೆ ಕೈ ಕೊಡದೆ ನಿಂತವರನ್ನು ಯಾರೂ ಕಂಡಿರಲಿಲ್ಲ.

"ಹಬ್ಬದ ಹೊತ್ತಲ್ಲಿ ಇದೆಲ್ಲ ಯಾಕೆ, ಪಾ ಪೊನಿಮಾನ್?" ಅವರು ನಗುತ್ತಲೇ ಹಲ್ಲು ಕಚ್ಚಿದರು. "ಆಮೇಲೆ ನನ್ನ ರೂಮಿಗೆ ಬನ್ನಿ, ಮಾತಾಡೋಣ."

"ನನ್ನ ಪೆಟ್ಟಿಗೆ ರೂಮಲ್ಲಿ ತೆಗೆಸಲಿಲ್ಲ ನೀವು."

ಹಿಂದೆ ನಿಂತಿದ್ದ ವಾರ್ದೊಯೊನ ಮುಖ ಕಪ್ಪಿಟ್ಟಿತು. ಅವನು ಸಾಲು ಬಿಟ್ಟು ಮುಂದೆ ಬಂದ. "ಅಣ್ಣಾ, ಪೆಟ್ಟಿಗೆ ಸುರಿದದ್ದು ನಾನು. ನೀನು ಕದ್ದಿಲ್ಲ ಅಂತ ಗೊತ್ತಿದ್ದೂ ಸುರಿದೆ. ಕೆಲಸ ಹೋಗುತ್ತೆ ಅಂತ ಹೆದರಿದೆ. ಮನ್ನಿಸು."

ಪೊನಿಮಾನ್ ಅವನ ಎರಡೂ ಕೈ ಹಿಡಿದುಕೊಂಡ. "ಆಯ್ತು ಕಣೋ. ನಿಂದು ಮುಗೀತು."

ಆಮೇಲೆ ಊಟದ ಮೇಜಿನ ಕಡೆ ಕಣ್ಣೂ ಹಾಕದೆ ಹೊರಗೆ ಹೋಗಿ ಕೌಂಟರಿನ ಶಟರ್ ದಡಾರನೆ ಎಳೆದ. ಸ್ಟೂಲು ಹಾಕಿಕೊಂಡು ಅದರ ಮುಂದೆ ಕೂತ.

ಅವತ್ತೇ ಹೊಸ ವಿದ್ಯಾರ್ಥಿಗಳಿಗೆ ಲೈಬ್ರರಿಯವರ ಪರಿಚಯ ಮಾಡಿಸುವ ಕಾರ್ಯಕ್ರಮ. ಸ್ವಲ್ಪ ಹೊತ್ತಿಗೆ ಹಿಂಡು ಹಿಂಡಾಗಿ ಬಂದರು. ಎಲ್ಲರ ಬೆನ್ನಿಗೂ ಬ್ಯಾಗು. ಶಟರ್ ಮುಚ್ಚಿದೆ, ಬಿಲ್ಲೆ ಇಲ್ಲ, ಒಳಗೆ ಹೋಗುವಂತಿಲ್ಲ. ಸಾಲು ಮೆಟ್ಟಿಲಿಳಿದು ಮರದ ನೆರಳಿನವರೆಗೂ ಹೋಯಿತು.

"ಪಾ, ಯಾವಾಗ ತೆಗೀತೀರಾ?"

"ಒಳಗಿರೋರನ್ನ ಕೇಳಿ."

ಬು ಹರ್ತಾತಿ ಬಂದರು. ಮುಖ ಕೆಂಡವಾಗಿತ್ತು. "ಏನಿದು ಹಠ? ನಿಮ್ಮನ್ನ ಹಳೇ ಪೇಪರ್ ಕೋಣೆಗೆ ಹಾಕ್ತೀನಿ, ನೋಡ್ತಿರಿ!"

"ಹಾಕಿ. ಕಳ್ಳ ಅಂತ ಹಾಕ್ಬೇಡಿ." ಅವನು ಪಕ್ಕದ ಗೋಡೆಗೆ ಅಂಗೈ ಊರಿದ. "ಇಟ್ಟಿಗೆ ಹೊತ್ತು ಕಟ್ಟಿದ ಮನೆ ಇದು. ಇಲ್ಲಿ ಕದೀತೀನಾ ನಾನು?"

ಹೊಸ ಹುಡುಗರು ಪಿಳಿಪಿಳಿ ನೋಡುತ್ತಿದ್ದರು. ಹಿಂದೆ ಸಿಬ್ಬಂದಿಯೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಒಬ್ಬರೂ ಬು ಹರ್ತಾತಿಯ ಪರವಾಗಿ ಉಸಿರೆತ್ತಲಿಲ್ಲ. ಕೊನೆಗೆ ಅವರು ಹುಡುಗರ ಕಡೆ ತಿರುಗಿದರು. ಕಹಿ ಕಷಾಯ ಕುಡಿದವರಂತೆ ಬಡಬಡನೆ ಹೇಳಿದರು, "ಇವರು ಪಾ ಪೊನಿಮಾನ್. ನಿಮ್ಮ ಬ್ಯಾಗ್ ಕಾಯೋರು. ಹೋದ ತಿಂಗಳು ನಾನು ಇವರನ್ನ ಕಳ್ಳ ಅಂದ್ಕೊಂಡೆ. ಎಲ್ಲರ ಮುಂದೆ ಹುಡುಕಿಸಿದೆ. ಇವರು ಕದ್ದಿರಲಿಲ್ಲ. ತಪ್ಪು ನಂದು."

ಪೊನಿಮಾನ್ ಎದ್ದ. ಶಟರ್ ಮೇಲಕ್ಕೆ ತಳ್ಳಿದ. ಹುಡುಗರು ನುಗ್ಗಿದರು. ಎಡಗೈಗೊಂದು ಬ್ಯಾಗ್, ಬಲಗೈಗೊಂದು ಬ್ಯಾಗ್.

ಬು ಹರ್ತಾತಿ ಪಕ್ಕದಲ್ಲಿ ನಿಂತು ಮತ್ತೆ ಕೈ ಚಾಚಿದರು.

"ಇರಿ ಬು," ಎಂದ ಪೊನಿಮಾನ್, ತಲೆ ಎತ್ತದೆ. "ಸಾಲು ಉದ್ದ ಇದೆ."