ಸುರಂಗದೊಳಗೆ ಹೊದಿಸಿದವರು

ನಾನು ಅರಿವಳಿಕೆ ವೈದ್ಯೆ. ಮದ್ದಿನ ಮಂಪರಿನಲ್ಲಿ ಜನ ಏನೇನೋ ಕಂಡೆವು, ಕೇಳಿದೆವು ಎನ್ನುವುದನ್ನು ದಿನವೂ ನೋಡುವವಳು. ಯಾರಾದರೂ ದೆವ್ವದ ಮಾತು ತೆಗೆದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಗಲು ಸ್ವಲ್ಪ ಹಿಂಜರಿಕೆ.

ಬ್ರೆಕ್ಸಿಟ್ ಮತದಾನಕ್ಕೆ ಹಿಂದಿನ ಚಳಿಗಾಲ, ಗೋಕಾಕದಿಂದ ಅಪ್ಪ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಅಪ್ಪ ಸೈನ್ಯದಲ್ಲಿದ್ದವರು. ಕಾಶ್ಮೀರದ ಗಡಿಯಲ್ಲಿ, ಎದುರು ಗುಡ್ಡದ ಬಂದೂಕುಗಳ ನೇರಕ್ಕೆ, ಬಂಕರಿನೊಳಗೆ ಚಳಿಗಾಲಗಳನ್ನು ಕಳೆದವರು. ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಿದವರಲ್ಲ. ಲಿಫ್ಟ್ ಹತ್ತುವುದಿಲ್ಲ, ಮಲಗುವ ಕೋಣೆಯ ಬಾಗಿಲು ಹಾಕಲು ಬಿಡುವುದಿಲ್ಲ. ಕಾರಣ ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಸ್ಟಾಕ್‌ಪೋರ್ಟ್ ಊರ ನಡುವೆ ಕೆಂಪು ಮರಳುಗಲ್ಲಿನ ಬಂಡೆಯನ್ನು ಕೊರೆದು ಮಾಡಿದ ಸುರಂಗಗಳಿವೆ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳುವಾಗ ಜನ ಮಕ್ಕಳುಮರಿ ಕಟ್ಟಿಕೊಂಡು ಅಲ್ಲಿ ಅಡಗುತ್ತಿದ್ದರಂತೆ. ಈಗ ನೋಡಲು ಬಿಡುತ್ತಾರೆ. ಹೊರಗಿನ ಬೋರ್ಡಿನ ಚಿತ್ರ ನೋಡಿದ ಅಪ್ಪ, "ಒಳಗ ಹೋಗೂಣ" ಎಂದರು. ನನಗೆ ಆಶ್ಚರ್ಯವೂ ಆಯಿತು, ಹೆದರಿಕೆಯೂ ಆಯಿತು.

ಅಂದು ಮಧ್ಯಾಹ್ನ ನಮ್ಮಿಬ್ಬರ ಹೊರತು ಬೇರೆ ಯಾರೂ ಇರಲಿಲ್ಲ. ಗೈಡ್ ಹೆಂಗಸು ನಮ್ಮನ್ನು ಗೋಡೆಗೆ ಅಂಟಿದ ಬೆಂಚಿನ ಮೇಲೆ ಕೂರಿಸಿ, ಯುದ್ಧಕಾಲದಲ್ಲಿ ಕರೆಂಟು ಹೋದರೆ ಹೇಗಿರುತ್ತಿತ್ತೆಂದು ತೋರಿಸಲು ದೂರದ ತುದಿಗೆ ಹೋಗಿ ದೀಪ ಆರಿಸಿದಳು. ಅಂಥ ಕತ್ತಲನ್ನು ನಾನು ಕಂಡಿರಲಿಲ್ಲ. ಅಪ್ಪನ ಉಸಿರು ಏರತೊಡಗಿತು. ಕೈ ಹಿಡಿದೆ. ದೀಪ ಹಾಕಿ ಎಂದು ಕೂಗಬೇಕು, ಅಷ್ಟರಲ್ಲಿ ಯಾರೋ ನಮ್ಮಿಬ್ಬರಿಗೂ ಸೇರಿಸಿ ಒಂದು ಕಂಬಳಿ ಹೊದಿಸಿದರು. ಹಿಂದಿನಿಂದ. ನಮ್ಮ ಬೆನ್ನಿಗಿದ್ದದ್ದು ಬಂಡೆ.

ಒರಟು ಉಣ್ಣೆ ಕುತ್ತಿಗೆಗೆ ಚುಚ್ಚಿತು. ಅಂಚನ್ನು ಗದ್ದದ ಕೆಳಗೆ ಸಿಕ್ಕಿಸಿದ ಬೆರಳುಗಳು ಒದ್ದೆಯಾಗಿದ್ದವು, ಬಟ್ಟೆ ಸೋಪಿನ ವಾಸನೆ ಬರುತ್ತಿತ್ತು. ಗೈಡ್ ಎಂದೇ ತಿಳಿದು "ಥ್ಯಾಂಕ್ಯೂ" ಎಂದೆ. ಅಪ್ಪನ ಉಸಿರು ನಿಧಾನವಾಗಿ ಹದಕ್ಕೆ ಬಂತು.

ದೀಪ ಹತ್ತಿತು. ಹೆಗಲ ಮೇಲೆ ಏನೂ ಇರಲಿಲ್ಲ. ಗೈಡ್ ಆ ತುದಿಯಲ್ಲೇ ಸ್ವಿಚ್ಚಿನ ಬಳಿ ನಿಂತಿದ್ದಳು. ಕಂಬಳಿಯ ಬಗ್ಗೆ ಕೇಳಿದರೆ, "ಇಲ್ಲಮ್ಮಾ, ನಾನು ಇಲ್ಲಿಂದ ಅಲ್ಲಾಡಿಲ್ಲ" ಎಂದಳು. ಬೆರಳುಗಳ ವಿಷಯ ನಾನು ಅವಳಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ.

ಬಸ್ ಸ್ಟಾಪಿನಲ್ಲಿ ಅಪ್ಪನೇ ಮಾತು ತೆಗೆದರು. "ಪಾಪ, ಅರಿವಿ ಒಗಿಯೂದು ಬಿಟ್ಟು ಬಂದಿದ್ಲು ಕಾಣಸ್ತದ. ಕೈ ಹಸಿ ಇದ್ದೂವು."

"ಯಾರಪ್ಪಾ?"

"ಯಾರದರ ಅವ್ವ ಇರಬೇಕು."

ಆಮೇಲೆ, ಮೊದಲ ಬಾರಿಗೆ, ಗಡಿಯ ಕತೆ ಹೇಳಿದರು. ಶೆಲ್ ಬಿದ್ದು ಬಾಯಿ ಮುಚ್ಚಿಹೋದ ಬಂಕರಿನಲ್ಲಿ ಗೆಳೆಯನೊಬ್ಬ ಚಳಿ ಚಳಿ ಎನ್ನುತ್ತಲೇ ಇವರ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದ. "ಅವಗ ಹೊದಿಸಾಕ ನನ್ನ ಕಡೆ ಏನೂ ಇರಲಿಲ್ಲವ್ವಾ" ಎಂದರು. ಬಸ್ಸುಗಳು ಬಂದು ಹೋದವು. ನಾವು ಹತ್ತಲಿಲ್ಲ.

ಕತ್ತಲಲ್ಲಿ ಮಿದುಳು ಆಟ ಆಡುತ್ತದೆಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಈಗಲೂ ಹೇಳುತ್ತೇನೆ. ಇಬ್ಬರ ಮಿದುಳಿಗೂ ಅವೇ ಒದ್ದೆ ಬೆರಳುಗಳು ಹೇಗೆ ಸಿಕ್ಕವು? ಅಪ್ಪ ಗೋಕಾಕಕ್ಕೆ ಮರಳಿದ ಮೇಲೆ ಒಮ್ಮೆ ಒಬ್ಬಳೇ ಹೋಗಿ ಅದೇ ಬೆಂಚಿನ ಮೇಲೆ ಕೂತು ಬಂದೆ. ಕಲ್ಲಿನ ತಂಪು ಬಿಟ್ಟರೆ ಏನೂ ಇರಲಿಲ್ಲ. ಫೋನಿನಲ್ಲಿ ಹೇಳಿದಾಗ ಅಪ್ಪನಿಗೆ ಬೇಸರವೇನೂ ಆಗಲಿಲ್ಲ.

"ಇವತ್ತ ನಿನಗ ಅಂಜಿಕಿ ಇರಲಿಲ್ಲಲ್ಲ" ಎಂದರು. "ಆಕಿ ಸುಮ್ಮಸುಮ್ಮನ ಯಾಕ ಬರ್ತಾಳ?"