ಕಟ್ಟೆಗೂ ಬಾಡಿಗೆ

ಕಳೆದ ವಾರ ಸವಣೂರು ಪೇಟೆಯಲ್ಲಿ ನನ್ನನ್ನು ಒಂದು ಅಂಗಡಿಯ ಕಟ್ಟೆಯಿಂದ ಎಬ್ಬಿಸಿದರು.

ಯುದ್ಧ ಬಂದು ಪೆಟ್ರೋಲು ಸಿಗದಾದ ಮೇಲೆ ಇದ್ದಿಲಿನಿಂದ ಓಡುವ ಶಿಗ್ಗಾಂವಿ ಬಸ್ಸು ಕೆಟ್ಟು ನಿಂತಿತ್ತು. (ಅದು ಕೆಡದ ದಿನ ಯಾವುದಿದೆ?) ಬಿಸಿಲು. ಕಾಲು ಸೋತಿತ್ತು. ಕಂಡ ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಒಬ್ಬ ತರುಣ ಎದ್ದು ಬಂದ. ಹಾನಗಲ್ ಕಡೆಯವನು, ಆ ಅಂಗಡಿ ಸಾಲಿನ ಹೊಸ ಮಾಲಕ.

"ಏಳ್ರಿ ಅಜ್ಜಾರ. ಕಟ್ಟಿಗೆ ಬಾಡಗಿ ಐತಿ."

"ನಾ ಕುಂತ್ರ ಕಲ್ಲು ಸವೀತೈತೇನಪಾ?"

"ಕಲ್ಲು ಸವಿಯೂದಿಲ್ರಿ. ಮಂದಿಗೆ ರೂಢಿ ಬೀಳತೈತಿ."

ಮೈ ಉರಿಯಿತು. "ಯಾವ ಅಡ್ನಾಡಿ ಮಾಡಿದ್ದು ಈ ಪದ್ಧತಿ?" ಎಂದೆ.

"ಹಂಗ ಅನಬ್ಯಾಡ್ರಿ. ಹಿಂದ ಹಂಸಭಾವಿ ಕಡೆ ಸಾವ್ಕಾರ್ರು ಒಬ್ರು ಇದ್ರಂತ. ಭಾಳ ಶಾಣ್ಯಾ ಮನಷ್ಯಾ!"

ಓದುಗರೇ, ಆ ಶಾಣ್ಯಾ ನಾನೇ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಹೊಲ ಅಡವಿಟ್ಟು ಹಿರೇಕೆರೂರಿನಲ್ಲಿ ಸಾಲ ತೆಗೆದು ಸವಣೂರಿನ ಇದೇ ಕಲ್ಲಿನ ಅಂಗಡಿಗಳನ್ನು ಕೊಂಡೆ. ಮ್ಯಾಟ್ರಿಕ್ ಓದಿದವನು, ಲೆಕ್ಕ ಬಲ್ಲೆ ಎಂಬ ಸೊಕ್ಕು. ಬಾಡಿಗೆ ಬಡ್ಡಿಗೆ ಸಾಲಲಿಲ್ಲ. ಸಾಲ ಕೊಟ್ಟವನು ಬಂದು ನೋಡಿ ನಕ್ಕ: "ಕಟ್ಟಿ ಖಾಲಿ ಬಿಟ್ಟೀರಲ್ರಿ! ಅದೂ ದುಡೀಬೇಕು."

ಖಾಲಿ ಎಲ್ಲಿತ್ತು? ಸವಣೂರಿನಲ್ಲಿ ಆಗ ಬಾಗಿಲ ಒಳಗಿನದು ಮಾಲಕನದು, ಕಟ್ಟೆ ಮೊದಲು ಬಂದು ಕುಳಿತವರದು. ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿರಲಿಲ್ಲ. ನನ್ನ ಕಟ್ಟೆಯ ಮೇಲೆ ಬೀಬಿಜಾನ್ ವೀಳ್ಯದೆಲೆ ಮಾರುತ್ತಿದ್ದಳು. ಬಾಡಿಗೆ ಕೇಳಿದೆ. "ಕಟ್ಟಿ ನಿಮ್ದು ಯಾವಾಗ ಆತ್ರಿ ಸಾವ್ಕಾರ್ರ?" ಎಂದಳು. ಖರೀದಿ ಪತ್ರದಲ್ಲಿ ಮೋರಿಯ ತನಕ ನನ್ನದೇ ಎಂದಿದೆ ಎಂದು ಗದರಿಸಿದೆ. ಬುಟ್ಟಿ ಎತ್ತಿಕೊಂಡು ಮೋರಿಯ ಆಚೆ, ಬಿಸಿಲಲ್ಲಿ ಕುಳಿತಳು.

ಆಮೇಲೇನಾಯಿತು? ಎಲೆಗೆ ಬಂದವರು ಹಿಂದಿನ ಕಿರಾಣಿ ಅಂಗಡಿಯಲ್ಲೇ ಅಡಿಕೆ, ಸುಣ್ಣ, ಬೆಲ್ಲ, ಎಣ್ಣೆ ಕೊಳ್ಳುತ್ತಿದ್ದರು. ಈಗ ಮೋರಿ ದಾಟಿ ಬರುವುದನ್ನೇ ಬಿಟ್ಟರು. ನನ್ನ ಕಿರಾಣಿ ಬಾಡಿಗೆದಾರ ಬೀಗದ ಕೈ ತಂದುಕೊಟ್ಟು ಹೋದ. ಅಂಗಡಿಗಳನ್ನು ಮಾರಿದೆ. ಕೊಂಡವನಿಗೆ, ಒಂದು ಕಾಸೂ ಬಾರದಿದ್ದ ಕಟ್ಟೆಯ ಬಾಡಿಗೆಯನ್ನು ಆದಾಯವೆಂದು ತೋರಿಸಿ ಬೆಲೆ ಏರಿಸಿದೆ! ಅವನನ್ನು ನೋಡಿ ಪೇಟೆಯೆಲ್ಲ ಅದನ್ನೇ ಹಿಡಿಯಿತು.

ಇದನ್ನೆಲ್ಲ ಆ ತರುಣನಿಗೆ ಹೇಳಿದೆ. ನಾಚಿಕೊಂಡನೇ? ಕುರ್ಚಿ ತರಿಸಿದ!

"ಕುಂದರ್ರಿ, ಕುಂದರ್ರಿ! ನೀವ ಏನ್ರಿ ಅವ್ರು? ಚಾ ತಗೋರಿ. ಹಂಗಾರ ಒಂದು ಹೇಳ್ರಿ, ಆ ಮುದುಕಿ ಮೋರಿ ಬಾಜೂಕ ಕುಂದ್ರತಾಳಲ್ರಿ, ಅದಕ್ಕೂ ಬಾಡಗಿ ಹಚ್ಚಬೇಕಂತೇನಿ. ಕೊಡದಿದ್ರ ಎಬ್ಬಸೂದು."

ತಿರುಗಿ ನೋಡಿದೆ. ಬೀಬಿಜಾನ್. ಕೂದಲು ಬೆಳ್ಳಗಾಗಿತ್ತು. ಎಲೆಗಳ ಮೇಲೆ ಒದ್ದೆ ಬಟ್ಟೆ, ತಲೆಯ ಮೇಲೆ ಬಿಸಿಲು.

"ಆಕೀನ್ನ ಮ್ಯಾಲ ಕರದು ಕುಂದರ್ಸಪಾ, ಗಿರಾಕಿ ಬರ್ತಾರ" ಎಂದೆ.

"ಗಿರಾಕಿ ಚಿಂತಿ ಬಾಡಗಿದಾರನದ್ರಿ. ನನಗ್ಯಾಕ?"

ಯುದ್ಧದ ದುಡ್ಡು ಕೈಗೆ ಬಂದವರೆಲ್ಲ ಈಗ ಹೀಗೆಯೇ. ಪೇಟೆ ಸತ್ತರೂ ಬಾಡಿಗೆ ಬದುಕಿರಬೇಕು!

ಮೋರಿ ದಾಟಿ ಹೋದೆ. "ಬಾರವಾ, ಕಟ್ಟಿ ಮ್ಯಾಲ ಕುಂದ್ರು. ಬಾಡಗಿ ನಾ ಕೊಡ್ತೇನಿ."

ಗುರುತು ಹಿಡಿದಳು. ಎಲೆಗೆ ನೀರು ಚಿಮುಕಿಸುತ್ತಲೇ ಅಂದಳು: "ಬ್ಯಾಡ್ರಿ ಸಾವ್ಕಾರ್ರ. ನೀವು ಕೊಟ್ರ, ನಾಳೆ ನನ್ನ ಸೊಸಿನೂ ಕೊಡಬೇಕಾಕ್ಕೈತಿ."

ಬಸ್ಸು ರಿಪೇರಿಯಾಗಿ ಹೊರಟು ನಿಂತಿತು. ನಾನು ಹತ್ತಿದೆ. ಆಕೆ ಅಲ್ಲೇ ಇದ್ದಳು, ಇನ್ನೆಷ್ಟು ದಿನವೋ.

ಅಂಗಡಿ ಕೊಳ್ಳಲು ಗಂಟು ಕಟ್ಟಿ ಸವಣೂರಿಗೆ ಹೊರಟವರೇ, ಗೋಡೆ, ಛಾವಣಿ, ಬಾಗಿಲು ನಿಮ್ಮದಾಗಲಿ. ಆ ಕಟ್ಟೆಯನ್ನು ಮಾರಿದವನು ನಾನು. ಅದು ಎಂದು ನನ್ನದಾಗಿತ್ತು?