ಬಾಜೂದವರ ಹಕ್ಕು

ಬಾಡಿಗೆ ಮನೆ ಖಾಲಿ ಮಾಡುವುದರಲ್ಲಿ ನಮಗಿದ್ದಷ್ಟು ಅನುಭವ ಬೀದರ ಜಿಲ್ಲೆಯಲ್ಲಿ ಇನ್ನಾರಿಗೂ ಇರಲಿಕ್ಕಿಲ್ಲ. ಅಪ್ಪ ತಹಸೀಲು ಕಚೇರಿಯ ಗುಮಾಸ್ತರು. ಔರಾದದಲ್ಲಿ ಎರಡು ಮನೆ, ಭಾಲ್ಕಿಯಲ್ಲಿ ಮೂರು, ಬೀದರಕ್ಕೆ ಬಂದ ಮೇಲೆ ಕೋಟೆಯ ಕಡೆಗೊಂದು. ಆ ಆರನೆಯ ಮನೆಯಲ್ಲಿ ಒಲೆ ಹೂಡಲು ಮಣ್ಣು ಕಲಸುತ್ತ ಅವ್ವ ಹೇಳಿದಳು: “ಇದು ಕಡೀದು. ಇನ್ನೊಮ್ಮಿ ಒಲಿ ಹಾಕೋದಿದ್ರ ನಮ್ಮ ಸ್ವಂತ ಮನ್ಯಾಗ ಹಾಕ್ತೇನಿ. ಇಲ್ಲಂದ್ರ ಅಪ್ಪ-ಮಗ ಖಾನಾವಳಿ ನೋಡ್ಕೋರಿ.” ಸಿಟ್ಟಿನಿಂದ ಅಂದದ್ದಲ್ಲ, ದಣಿದು ಅಂದದ್ದು. ಸಿಟ್ಟಾಗಿದ್ದರೆ ಎದುರು ವಾದಿಸಬಹುದಿತ್ತು.

ಪೊಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಹೋದ ಎರಡನೆಯ ವರ್ಷ ನೌಬಾದದಲ್ಲೊಂದು ಮನೆ ಮಾರಾಟಕ್ಕಿದೆಯೆಂದು ಗೊತ್ತಾಯಿತು. ಊರಂಚಿನ ಹಳೆಯ ವಸತಿ, ಗೋಡೆಗೆ ಗೋಡೆ ಹತ್ತಿದ ಮನೆಗಳು. ಮಾರುವವರು ಪಿಂಚಣಿಯಾದ ಉರ್ದು ಮಾಸ್ತರರು, ಹೈದರಾಬಾದಿಗೆ ಮಗಳ ಹತ್ತಿರ ಹೊರಟಿದ್ದರು. ಯಾಕೆ ಬಿಡ್ತೀರಿ ಎಂದು ಅಪ್ಪ ಕೇಳಲಿಲ್ಲ. ಆ ದಿನಗಳಲ್ಲಿ ಯಾರೂ ಯಾರನ್ನೂ ಅದನ್ನು ಕೇಳುತ್ತಿರಲಿಲ್ಲ. ಅವ್ವ ಹೋಗಿ ನೋಡಿದಳು, ಅಡಿಗೆ ಮನೆಯ ಮೂಲೆಯಲ್ಲಿ ನಿಂತು ಬೆಳಕು ಯಾವ ಕಡೆಯಿಂದ ಬರುತ್ತದೆಂದು ಗುರುತು ಮಾಡಿಕೊಂಡು ಬಂದಳು. ಬೆಲೆಯ ಮಾತೂ ಮುಗಿಯಿತು.

ಮಾಸ್ತರರದು ಒಂದೇ ಕರಾರು. ಗೋಡೆ ಹತ್ತಿದ ಮನೆಯವರನ್ನು ಕೇಳದೆ ಬರೆದುಕೊಡಲಾರೆ ಅಂದರು. ಇದಕ್ಕೆ ನಮ್ಮಲ್ಲಿ ಶುಫಾ ಅನ್ನುತ್ತಿದ್ದರು: ಮನೆ ಮಾರಾಟಕ್ಕೆ ಬಂದರೆ ಅದೇ ಬೆಲೆಗೆ ಕೊಳ್ಳುವ ಮೊದಲ ಹಕ್ಕು ನೆರೆಯವನದು. ನಡೆಯುತ್ತಿದ್ದದ್ದು ಮಾತ್ರ ಬರೇ ಮರ್ಯಾದೆ. ಕೊಳ್ಳುವವನು, ಮಾರುವವನು ಕೂಡಿ ಹೋಗಬೇಕು, ಚಹಾ ಕುಡಿಯಬೇಕು, ನೆರೆಯವನು “ಛಲೋ ಆತು” ಅನ್ನಬೇಕು, ಎದ್ದು ಬರಬೇಕು.

ನಾನಾಗ ಹೈದರಾಬಾದಿನಲ್ಲಿ ವಕೀಲಿ ಓದುತ್ತಿದ್ದೆ, ಚರ್ಚಾಕೂಟಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವುದೇ ಜ್ಞಾನವೆಂದು ತಿಳಿದಿದ್ದೆ. ರಜೆಗೆ ಬಂದವನನ್ನು ಅಪ್ಪ ಜೊತೆಗೆ ಕರೆದುಕೊಂಡರು. ಹಾದಿಯಲ್ಲಿ ಎರಡು ಸಲ ಹೇಳಿದರು: “ನೀ ಸುಮ್ನ ಕೂಡು.”

ಎಡಗಡೆಯ ಮನೆಯಲ್ಲಿ ಸುಮ್ಮನೇ ಕೂತೆ. ಚಹಾ ಆಯಿತು, ಛಲೋ ಆಯಿತು. ಬಲಗಡೆಯವರು ಅರಳೆ ವ್ಯಾಪಾರದ ಸಾಹುಕಾರರು, ಹಣೆತುಂಬ ವಿಭೂತಿ, ನಗೆಮುಖ. ಮಾಸ್ತರರು ರಿವಾಜಿನ ಪ್ರಕಾರ ಕೇಳಿದರು. ಸಾಹುಕಾರರು ಕೈ ಝಾಡಿಸಿದರು.

“ಅದೆಲ್ಲಾ ನಿಜಾಮನ ಸಂಗಟ ಹೋತು ಬಿಡ್ರಿ ಮಾಸ್ತರ. ಸರಕಾರ ಬದಲಾತು, ಕಾನೂನು ಬದಲಾತು. ನಿಮಗ ಬೇಕಾದವರಿಗಿ ಮಾರ್ರಿ.”

ನಮಗೆ ಬೇಕಾದ ಉತ್ತರ ಅದೇ. ಬಟ್ಟಲು ಕೆಳಗಿಟ್ಟು ಏಳಬೇಕಾಗಿತ್ತು.

“ಸರಕಾರ ಬದಲಾದ್ರ ಕಾನೂನು ಬದಲಾಗಂಗಿಲ್ಲರಿ,” ಅಂದೆ ನಾನು.

ಅಪ್ಪ ನನ್ನ ಕಡೆ ನೋಡಲಿಲ್ಲ. ನೆಲ ನೋಡಿದರು.

“ಹ್ಯಾಂಗ?” ಅಂದರು ಸಾಹುಕಾರರು.

ಹ್ಯಾಂಗ ಎಂದು ಯಾರಾದರೂ ಕೇಳಿದರೆ ನನಗೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. ಹಳೆಯ ಕಾನೂನನ್ನು ರದ್ದು ಮಾಡುವ ತನಕ ಅದು ಕಾನೂನೇ ಅಂದೆ. ಕೋರ್ಟುಗಳು ಇವತ್ತಿಗೂ ಈ ಹಕ್ಕನ್ನು ಮಾನ್ಯ ಮಾಡುತ್ತವೆ ಅಂದೆ. ಸಾಹುಕಾರರು ಎರಡು ಸಲ ಅಡ್ಡ ಹಾಕಿದರು, ಎರಡು ಸಲವೂ ಕೆಡವಿದೆ.

“ಅಂದ್ರ ನಾ ಬೇಕಂದ್ರ ಈ ಮನಿ ನನಗ ಸಿಗ್ತದ?”

“ಸಿಗ್ತದರಿ. ಆದ್ರ ಮಾರಾಟದ ಸುದ್ದಿ ಕೇಳಿದ ಕೂಡ್ಲೇ ಹೇಳಬೇಕು. ತಡಾ ಮಾಡಿದ್ರ ಹಕ್ಕು ಹೋತು.”

ಸಾಹುಕಾರರು ಒಳಬಾಗಿಲ ಕಡೆ ನೋಡಿದರು. ಅಲ್ಲಿ ಅವರ ಇಬ್ಬರು ಸೊಸೆಯಂದಿರು ಒಂದು ಕೊಡದ ಸಲುವಾಗಿ ಜಗಳಾಡುವುದು ನಮಗೂ ಕೇಳುತ್ತಿತ್ತು. “ಹಂಗಾರ ಈಗೇ ಹೇಳ್ತೇನಿ. ಸಣ್ಣ ಮಗ ಬ್ಯಾರೆ ಆಗ್ಬೇಕಂತ ಕುಂತಾನ. ಈ ಮನಿ ನನಗ ಬೇಕ್ರಿ.” ಆಮೇಲೆ ನನಗೆ, ಕುಹಕವಿಲ್ಲದೆ: “ಶಾಣ್ಯಾ ಇದ್ದಿ ತಮ್ಮಾ. ನಮ್ಮ ವಕೀಲಗ ಇಷ್ಟ್ ಗೊತ್ತಿದ್ದಿಲ್ಲ ನೋಡು.”

ಬಾಯಿಬಿಟ್ಟು ಕೇಳಿದವರಿಗೆ ಇಲ್ಲವೆಂದು ಹೇಳಿ, ಹೋಗುವ ಊರಿಗೆ ತಕರಾರು ಕಟ್ಟಿಕೊಂಡು ಹೋಗುವ ತ್ರಾಣ ಮಾಸ್ತರರಲ್ಲಿ ಉಳಿದಿರಲಿಲ್ಲ. “ಮಾಫ್ ಕರೋ ಭಾಯಿ,” ಎಂದು ಅಪ್ಪನ ಕೈ ಹಿಡಿದರು. ತಪ್ಪು ಮಾಡಿದವನು ನಾನು, ಮಾಫಿ ಕೇಳಿದವರು ಅವರು.

ನೌಬಾದದಿಂದ ನಡೆದೇ ಬಂದೆವು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಉತ್ತರ ತಯಾರಿತ್ತು: ಸಾಹುಕಾರರು ನಾಳೆ ಬೇರೆಯವರಿಂದ ತಿಳಿದು ದಾವೆ ಹಾಕಿದ್ದರೆ? ಒಳ್ಳೆಯ ವಾದವೇ. ಅಪ್ಪ ಬೈಯಲಿಲ್ಲ.

ಅವ್ವ ಬಾಗಿಲಲ್ಲೇ ಇದ್ದಳು. “ಏನಾತು?”

“ಬಾಜೂದವರು ತಗೋತಾರಂತ,” ಅಂದರು ಅಪ್ಪ.

“ಅವರ ಹಕ್ಕು ಅಂತ ಅವರಿಗಿ ಯಾರು ಹೇಳಿದ್ರು?”

“ಮೊದಲೇ ಗೊತ್ತಿತ್ತು ಅವರಿಗಿ.”

ತಪ್ಪು ಹೇಳಿಕೆ. ಅದನ್ನು ಖಂಡಿಸಬಲ್ಲವನು ಆ ಮನೆಯಲ್ಲಿ ನಾನೊಬ್ಬನೇ ಇದ್ದೆ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವ್ವ ಅದೇ ಒಲೆಯ ಮುಂದೆ ರೊಟ್ಟಿ ಬಡಿಯಲು ಕೂತಳು.